ಎದೆಮಟ್ಟದ ಹೊಸ್ತಿಲು

ನಾನು ಅಡುಗೆಯವಳು. ನಾಲ್ಕು ಜನರ ಅಡುಗೆಯಲ್ಲ, ಸಾವಿರ ಎಲೆಯ ಅಡುಗೆ. ನಮ್ಮೂರಿನಲ್ಲಿ ಮದುವೆಯೋ ಗೃಹಪ್ರವೇಶವೋ ಆಗಬೇಕಾದರೆ ಮೊದಲು ಚೆನ್ನಾಜಮ್ಮನಿಗೆ ಬಿಡುವು ಯಾವತ್ತು ಅಂತ ಕೇಳಿ, ಆಮೇಲೆ ಪಂಚಾಂಗ ತೆಗೆಯುತ್ತಾರೆ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೊಪ್ಪರಿಗೆಯಿಂದ ಒಂದು ಸೌಟು ಅಡುಗೆಯೂ ಕೆಟ್ಟು ಹೊರಗೆ ಹೋಗಿರಲಿಲ್ಲ. ಅದಕ್ಕೇ ನಮ್ಮ ಬೀದಿಬಾಗಿಲ ಹೊಸ್ತಿಲು ನನ್ನ ಮೊಣಕಾಲು ದಾಟಿ ಒಂದು ಗೇಣು ಮೇಲಕ್ಕಿತ್ತು.

ನಮ್ಮೂರಿನಲ್ಲಿ ಮನುಷ್ಯರ ದಿಗಿಲು ಹೊಸ್ತಿಲಿಗೆ ಇಳಿಯುತ್ತದೆ. ಯಾರ ಬಾಗಿಲೋ ಅವರು ಒಳಗೊಳಗೇ ಹೆದರಿದಷ್ಟೂ ಅದು ಬೆರಳು ಬೆರಳಾಗಿ ಏರುತ್ತದೆ. ಮುತ್ತಜ್ಜಿಯ ಕಾಲದಿಂದಲೂ ಹೀಗೇ. ಹಾಗಾಗಿ ಯಾರೂ ಬಾಯಿ ಬಿಟ್ಟುಕೊಂಡು ನೋಡುವುದಿಲ್ಲ. ಹತ್ತಿ ಇಳಿಯಲು ಹೊಸ್ತಿಲ ಎರಡೂ ಕಡೆ ಮಣೆ ಇಟ್ಟುಕೊಳ್ಳುತ್ತೇವೆ. ಹೆಂಗಸರು ಸೀರೆಯನ್ನು ನಾಲ್ಕು ಬೆರಳು ಮೇಲಕ್ಕೇ ಉಡುತ್ತಾರೆ. ತುಂಬಿದ ಕೊಡ ಒಳಗೆ ತರಬೇಕಾದರೆ ಆಚೆಗೊಬ್ಬರು ಈಚೆಗೊಬ್ಬರು ಬೇಕು. ಗಂಡು ನೋಡಲು ಹೋದವರು ಹುಡುಗ ಏನು ಮಾಡುತ್ತಾನೆ ಅಂತ ಕೇಳುವ ಮೊದಲು ಅವನ ಹೊಸ್ತಿಲು ಎಷ್ಟು ಅಂತ ಕೇಳುತ್ತಾರೆ. ಎತ್ತರದ ಹೊಸ್ತಿಲು ಅಂದರೆ ಓದಿದ ಮನೆ, ಜವಾಬ್ದಾರಿಯ ಮನೆ. ಹೊಸ್ತಿಲು ನೆಲಕ್ಕೆ ಅಂಟಿಕೊಂಡಿದ್ದರೆ ಅದು ಚಪ್ಪಟೆ ಮನೆ. ನನ್ನ ಜೊತೆ ಮೊದಲ ದಿನದಿಂದ ತರಕಾರಿ ಹೆಚ್ಚುವ ಮರಿಸಿದ್ದಪ್ಪನದು ಅಂಥ ಚಪ್ಪಟೆ ಮನೆ. ಅವನ ಮೇಕೆ ಕೂಡ ಕಾಲೆತ್ತದೆ ಒಳಗೆ ಹೋಗುತ್ತದೆ.

ನನ್ನ ಕೆಲಸದ ಕಷ್ಟ ನಿಮಗೆ ಗೊತ್ತಿರಲಿ. ದೇವರಿಗೆ ಎಡೆ ಇಡುವವರೆಗೂ ಮದುವೆ ಅಡುಗೆಯ ರುಚಿ ನೋಡುವ ಹಾಗಿಲ್ಲ. ಮೂಗು ನೋಡಬೇಕು, ಕಣ್ಣು ನೋಡಬೇಕು, ನಾಲಿಗೆ ಸುಮ್ಮನಿರಬೇಕು. ಒಗ್ಗರಣೆಯ ಘಮದಲ್ಲೇ ಬೇಳೆ ಬೆಂದಿದೆಯೋ ಇಲ್ಲವೋ ನಾನು ಹೇಳಬಲ್ಲೆ. ಆದರೆ ಉಪ್ಪಿಗೆ ವಾಸನೆ ಎಲ್ಲಿಂದ ಬರಬೇಕು? ಹಾಕಿದೆನೋ ಇಲ್ಲವೋ ಅನ್ನುವ ಗುಂಗಿಹುಳ ಒಂದು ಸಲ ತಲೆಯೊಳಗೆ ಹೊಕ್ಕಿತೆಂದರೆ ಮುಗಿಯಿತು. ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದೆ. ಒಂದೊಂದು ಕೊಪ್ಪರಿಗೆಗೆ ಉಪ್ಪು ಹಾಕಿದ ಕೂಡಲೇ ಸೆರಗಿನ ತುದಿಗೆ ಒಂದು ಗಂಟು. ಸಾರಿಗೊಂದು, ಹುಳಿಗೊಂದು, ಪಲ್ಯಕ್ಕೊಂದು. ಬಡಿಸುವ ಹೊತ್ತಿಗೆ ಹತ್ತು ಸಲವಾದರೂ ಆ ಗಂಟುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಮರಿಸಿದ್ದಪ್ಪ ನಗುತ್ತಿದ್ದ. "ಅಕ್ಕಾ, ಆ ಸೆರಗು ಪಾಪ ಏನ್ ತಪ್ಪು ಮಾಡೈತೆ?" ಅನ್ನುತ್ತಿದ್ದ. ಚಪ್ಪಟೆ ಮನೆಯವನಿಗೆ ಏನು ಗೊತ್ತು ಅಂದುಕೊಂಡು ನಾನು ಮತ್ತೆ ಗಂಟು ಮುಟ್ಟುತ್ತಿದ್ದೆ.

ಇನ್ನು ನನ್ನ ಮಗಳು ಶಾಂಭವಿ. ಹತ್ತನೇ ತರಗತಿ. ಒಂದನೇ ತರಗತಿಯಿಂದ ಒಂದು ಸಲವೂ ಎರಡನೇ ಸ್ಥಾನಕ್ಕೆ ಇಳಿದವಳಲ್ಲ. ಅವಳಿಗೆ ಮೂರು ವರ್ಷವಿದ್ದಾಗ ಅವರಪ್ಪ ತೀರಿಕೊಂಡರು. ನಾನು, ನಮ್ಮತ್ತೆ, ಅವಳು, ಮೂರೇ ಜನ. ಪರೀಕ್ಷೆಗೆ ಓದಲು ರಜೆ ಕೊಟ್ಟ ದಿನ ಅವಳ ಕೋಣೆಯ ಹೊಸ್ತಿಲು ಎರಡು ಬೆರಳು ಎದ್ದಿತ್ತು. ಬೆಳಿಗ್ಗೆ ಕಸ ಗುಡಿಸಲು ಹೋದ ಅತ್ತೆ ಎಡವಿದರು. ಎಡವಿದ ನೋವಿಗೆ ಅಯ್ಯೋ ಅನ್ನುವ ಬದಲು ಎರಡೂ ಕೈ ಎತ್ತಿ ಮುಗಿದರು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ! ಬಾರೇ ಚೆನ್ನಾಜಿ, ನಿನ್ ಮಗಳ ಹೊಸ್ತಿಲು ಎದ್ದೈತೆ ನೋಡು!" ಅಂತ ಕೂಗಿದರು. ನಾನು ಏನು ಮಾಡಿದೆ ಗೊತ್ತೇ? ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಶ್ಯಾವಿಗೆ ಪಾಯಸ ಮಾಡಿ ಬೀದಿಗೆಲ್ಲ ಹಂಚಿದೆ. ಆ ಪಾಯಸ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ವಾರದಲ್ಲಿ ಹೊಸ್ತಿಲು ಅವಳ ಮೊಣಕಾಲಿಗೆ ಬಂತು. ಇನ್ನೊಂದು ವಾರಕ್ಕೆ ಸೊಂಟ. ಕದ ತೆಗೆಯಲು ಆಗದೆ ಕದವನ್ನೇ ಕಳಚಿ ಹಿತ್ತಲಿಗೆ ಒರಗಿಸಿದೆವು. ಅವಳು ಒಂದೇ ಲೆಕ್ಕವನ್ನು ಆರು ಸಲ ಮಾಡುತ್ತಿದ್ದಳು. ಅಕ್ಷರ ಒಂದು ಸೊಟ್ಟಗಾದರೆ ಇಡೀ ಹಾಳೆ ಹರಿದು ಮತ್ತೆ ಬರೆಯುತ್ತಿದ್ದಳು. ಊಟಕ್ಕೆ ಕರೆದರೆ, "ಇಲ್ಲಮ್ಮ, ಆಚೆ ಬಂದ್ರೆ ಓದಿದ್ದೆಲ್ಲ ಮರ್ತುಹೋಗತ್ತೆ," ಅನ್ನುತ್ತಿದ್ದಳು. ತಟ್ಟೆಯನ್ನು ಮೇಲಿನಿಂದ ಕೊಡುತ್ತಿದ್ದೆ. ಅರ್ಧ ಅನ್ನ ಹಾಗೇ ವಾಪಸು ಬರುತ್ತಿತ್ತು. ಕೋಣೆಗೆ ಹೊಂದಿಕೊಂಡೇ ಬಚ್ಚಲಿತ್ತು, ಅದೊಂದು ಪುಣ್ಯ. ಮೂರನೇ ವಾರ ಹೊಸ್ತಿಲು ನನ್ನ ಎದೆಮಟ್ಟಕ್ಕೆ ಬಂದು ನಿಂತಾಗ ನನಗೆ ಮೊದಲ ಸಲ ಭಯವಾಯಿತು. ಅಲ್ಲಿಂದ ಬಾಗಿಲ ಮೇಲ್ಪಟ್ಟಿಗೆ ಮೂರು ಗೇಣಿಗಿಂತ ಸ್ವಲ್ಪ ಹೆಚ್ಚು ಜಾಗ ಉಳಿದಿತ್ತು ಅಷ್ಟೇ.

ಬಾಗಿಲು ಪೂರ್ತಿ ಮುಚ್ಚಿಹೋದರೆ ಏನಾಗುತ್ತದೆ ಅಂತ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಮೇಲಿನ ಬೀದಿಯ ವಕೀಲ ಗುರುಪಾದಯ್ಯನವರು ಒಂದು ಕೇಸೂ ಸೋತವರಲ್ಲ. ಅವರ ಹೊಸ್ತಿಲು ಮೇಲ್ಪಟ್ಟಿಗೆ ತಾಗಿ ಏಳು ವರ್ಷವಾಯಿತು. ಗೋಡೆ ಒಡೆದರೆ ಒಡೆದ ಜಾಗದಲ್ಲೂ ಹೊಸ್ತಿಲೇ ಎದ್ದಿತು. ಈಗ ಕಿಟಕಿಯೇ ಅವರಿಗೆ ಬಾಗಿಲು. ಊರಿನವರು ಮಕ್ಕಳನ್ನು ಎತ್ತಿಕೊಂಡು ಹೋಗಿ, "ನೋಡು ಪುಟ್ಟ, ಸಾಧಕರು ಅಂದ್ರೆ ಹಿಂಗಿರಬೇಕು," ಅಂತ ತೋರಿಸುತ್ತಾರೆ. ಅವರ ಮಧ್ಯಾಹ್ನದ ಊಟ ನಮ್ಮ ಮನೆಯಿಂದಲೇ. ಅವತ್ತು ಸರಳಿನ ಸಂದಿಯಿಂದ ಬುತ್ತಿ ಕೊಡುತ್ತಾ ಮಗಳ ಹೊಸ್ತಿಲ ಸುದ್ದಿ ಹೇಳಿದೆ. ಎತ್ತರ ಎಷ್ಟು ಅಂತ ಕೇಳಿದರು. ಎದೆಮಟ್ಟ ಅಂದೆ. ಅವರು ಬುತ್ತಿ ಕೆಳಗಿಟ್ಟರು.

"ಚೆನ್ನಾಜಮ್ಮಾ, ಎಲ್ಲಾರೂ ಭೇಷ್ ಅಂತಿದಾರಾ?"

"ಹೂಂ ಸ್ವಾಮಿ. ನಾನೇ ಪಾಯಸ ಹಂಚಿದೆ."

"ನನಗೂ ಹಂಗೇ ಅಂದ್ರು. ಬಾಗಿಲು ಮುಚ್ಚೋ ತನಕ ಹಾರ ಹಾಕಿದ್ರು," ಅಂದರು. ಆಮೇಲೆ ಸರಳು ಹಿಡಿದುಕೊಂಡು, "ನಾನು ಒಂದೇ ಒಂದು ಸಲ ಸೋತು ಮನೆಗೆ ಬಂದಿದ್ರೆ, ನನ್ ಹೆಂಡ್ತಿ ಕಾಫಿ ಕೊಡ್ತಿದ್ಲಾ ಇಲ್ವಾ? ಅದೊಂದು ನನಗೆ ಗೊತ್ತಾಗ್ಲೇ ಇಲ್ಲ ನೋಡು. ಈಗ ಅವಳೂ ಇಲ್ಲ," ಅಂದರು. ನಾನು ನಿನ್ನೆಯ ಖಾಲಿ ಬುತ್ತಿಯನ್ನು ವಾಪಸು ಕೇಳುವುದನ್ನೂ ಮರೆತು ಮನೆಗೆ ಓಡಿದೆ.

ಮರದ ಕೆಲಸದ ಮೋನಪ್ಪಾಚಾರಿಯನ್ನು ಕರೆಸಿದೆ. ಅವನು ಅರ್ಧ ದಿನ ಕೂತು ಒಂದು ಗೇಣು ಕೆತ್ತಿ ಹಾಕಿದ. ಮಾರನೇ ದಿನ ಬೆಳಿಗ್ಗೆ ಅದು ಬೆಳೆದುಕೊಂಡಿದ್ದಲ್ಲದೆ ಮೇಲೆ ಇನ್ನೂ ಎರಡು ಬೆರಳು ಏರಿತ್ತು. ಆಚಾರಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. "ಅಕ್ಕಾ, ನಾನು ಮರ ಕೆತ್ತಬಲ್ಲೆ. ಅದು ಎಲ್ಲಿಂದ ಹುಟ್ತಾ ಇದ್ಯೋ ಅಲ್ಲಿಗೆ ನನ್ನ ಉಳಿ ಹೋಗಲ್ಲ," ಅಂದ. ಪರೀಕ್ಷೆಗೆ ಇನ್ನು ಹತ್ತೇ ದಿನ ಇತ್ತು.

ಅದರ ಮಾರನೇ ದಿನವೇ ಪುರಸಭೆಯ ಅಧ್ಯಕ್ಷರ ಮಗಳ ಮದುವೆ. ಎಂಟುನೂರು ಎಲೆ. ನಾನು ಕೊಪ್ಪರಿಗೆಯ ಮುಂದೆ ನಿಂತಿದ್ದೆ, ಜೀವ ಮಾತ್ರ ಮಗಳ ಬಾಗಿಲಲ್ಲಿತ್ತು. ಸಾರು ಕುದಿಯಿತು, ಹುಳಿ ಕುದಿಯಿತು, ಎಡೆ ಇಟ್ಟಾಯಿತು, ಎಲೆ ಹಾಕಿದರು. ಸೆರಗು ಮುಟ್ಟಿ ನೋಡಿದೆ. ಮೂರು ಗಂಟು. ಸರಿಯಾಗಿದೆ. ಮೊದಲ ಪಂಕ್ತಿಗೆ ಸಾರು ಹೋಯಿತು. ಹೋದ ಮರಿಸಿದ್ದಪ್ಪ ಬಕೆಟ್ಟಿನ ಸಮೇತ ವಾಪಸು ಬಂದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಅಕ್ಕಾ, ಸಾರಿಗೆ ಉಪ್ಪಿಲ್ಲ."

"ಏನೋ ಹೇಳ್ತಿದೀಯ! ಗಂಟು ಹಾಕಿದೀನಿ ನೋಡು!"

"ಗಂಟು ಹಾಕಿದೀರಿ ಅಕ್ಕಾ. ಉಪ್ಪು ಹಾಕಿಲ್ಲ."

ಬೆರಳಲ್ಲಿ ಅದ್ದಿ ನಾಲಿಗೆಗಿಟ್ಟೆ. ಬರೀ ಬೇಳೆನೀರು. ಜೀವ ಬಾಯಿಗೆ ಬಂತು. ಎದೆ ಹೊಡೆದುಕೊಳ್ಳುವುದು ನನಗೇ ಕೇಳಿಸುತ್ತಿತ್ತು. ಹಿಂದೆ ಸಣ್ಣ ಬಾಗಿಲಿತ್ತು. ಅಲ್ಲಿಂದ ಓಡಿಹೋಗಿ ಬಾವಿಗೆ ಬೀಳಲೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಹತ್ತೊಂಬತ್ತು ವರ್ಷ ಯಾವುದಕ್ಕೆ ಹೆದರಿ ಹೆದರಿ ಸತ್ತಿದ್ದೆನೋ ಅದು ಎದುರಿಗೆ ಬಂದು ನಿಂತಿತ್ತು. ಆಗ ಆ ವಕೀಲರ ಮಾತು ನೆನಪಾಯಿತು. ಸೋತವರಿಗೆ ಕಾಫಿ ಸಿಗುತ್ತದೋ ಇಲ್ಲವೋ, ನಾನು ನೋಡಿಯೇ ಬಿಡುತ್ತೇನೆ ಅಂದುಕೊಂಡೆ. ಉಪ್ಪಿನ ಡಬ್ಬಿ ಎತ್ತಿಕೊಂಡು ನೇರವಾಗಿ ಪಂಕ್ತಿಯ ಮಧ್ಯಕ್ಕೆ ಹೋದೆ. ಕಾಲು ನಡುಗುತ್ತಿದ್ದವು, ನಡುಗಲಿ ಅಂತ ಬಿಟ್ಟೆ.

"ಸ್ವಾಮಿ, ಸಾರಿಗೆ ಉಪ್ಪು ಹಾಕೋದು ಮರ್ತೆ. ತಪ್ಪಾಯ್ತು. ಇಕೊಳ್ಳಿ ಉಪ್ಪು," ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಮೂಲೆಯಲ್ಲಿದ್ದ ಮುದುಕರೊಬ್ಬರು, "ಇಲ್ಲಿ ಒಂಚೂರು ಹಾಕಮ್ಮ," ಅಂದರು. ಪಕ್ಕದವರು, "ನಂಗೆ ಬೇಡ ತಾಯಿ, ಡಾಕ್ಟ್ರು ಉಪ್ಪು ಬಿಡು ಅಂದವ್ರೆ," ಅಂದರು. ಅಧ್ಯಕ್ಷರ ಹೆಂಡತಿ ಮಾತ್ರ ಮೂತಿ ತಿರುವಿ, "ನಿಮ್ಮಿಂದ ಇದನ್ನ ನಿರೀಕ್ಷಿಸಿರ್ಲಿಲ್ಲ ಚೆನ್ನಾಜಮ್ನೋರೇ," ಅಂದರು. ಚುರುಕ್ ಅಂತು. ಆದರೆ ಅವರೂ ಚಿರೋಟಿ ಎರಡು ಸಲ ಹಾಕಿಸಿಕೊಂಡರು. ಎರಡನೇ ಪಂಕ್ತಿಗೆ ಸಾರು ಸರಿಮಾಡಿ ಕಳಿಸಿದೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಭ್ಯಾಸದಂತೆ ಮಣೆ ಹತ್ತಿ ಬಲಗಾಲನ್ನು ಎತ್ತರಕ್ಕೆ ಎತ್ತಿ ಆಚೆ ಇಟ್ಟೆ. ಕಾಲಿಗೆ ಏನೂ ಸಿಗಲಿಲ್ಲ. ಧೊಪ್ಪನೆ ಒಳಗೆ ಬಿದ್ದೆ. ಎದ್ದು ಮಂಡಿ ಉಜ್ಜಿಕೊಳ್ಳುತ್ತಾ ತಿರುಗಿ ನೋಡಿದರೆ ನನ್ನ ಹೊಸ್ತಿಲು ಒಂದು ಗೇಣು ಇಳಿದಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದೆ.

ಹೊಸ್ತಿಲ ಮೇಲೆ ಕೂರಬಾರದು. ಮಗುವಿಗೆ ನಡೆಯಲು ಕಲಿಸುವ ಮೊದಲು ಇದನ್ನು ಕಲಿಸುತ್ತೇವೆ. ನಾನು ಶಾಂಭವಿಯ ಕೋಣೆಯ ಮುಂದೆ ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ಹೊಸ್ತಿಲ ಮೇಲೆ ಕೂತೆ. ಮೇಲ್ಪಟ್ಟಿ ತಲೆಗೆ ತಾಗಿ ಕತ್ತು ಬಗ್ಗಿಸಬೇಕಾಯಿತು. ಅಡುಗೆಮನೆಯಿಂದ ಅತ್ತೆ ಕಿರುಚಿದರು. "ದರಿದ್ರ ಹಿಡಿಯತ್ತೆ ಕಣೇ! ಇಳಿಯೇ ಕೆಳಗೆ!"

"ಹಿಡೀಲಿ ಅತ್ತೆ. ಒಂದು ಹತ್ತು ನಿಮಿಷ ಸುಮ್ನಿರಿ," ಅಂದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಶಾಂಭವಿ ಪುಸ್ತಕದಿಂದ ತಲೆ ಎತ್ತಿದಳು. ಕಣ್ಣು ಗುಳಿಬಿದ್ದಿತ್ತು, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಇದನ್ನು ಯಾಕೆ ಇಷ್ಟು ದಿನ ನೋಡಲಿಲ್ಲ ನಾನು? ಎತ್ತರ ಅಳೆಯುವುದರಲ್ಲೇ ಇದ್ದೆ.

"ಇವತ್ತು ಸಾರಿಗೆ ಉಪ್ಪು ಮರ್ತೆ," ಅಂದೆ.

ಅವಳ ಮುಖ ಬಿಳಿಚಿಕೊಂಡಿತು. "ಎಂಟ್ನೂರು ಜನಕ್ಕಾ? ಅಯ್ಯೋ ಅಮ್ಮಾ! ಜನ ಏನಂದ್ರು?"

"ಉಪ್ಪು ಹಾಕಿ ಅಂದ್ರು."

"ಅಷ್ಟೇನಾ?"

"ಒಬ್ಬರು ಮೂತಿ ತಿರುವಿದ್ರು. ಉಳಿದೋರು ಉಂಡು ಕೈ ತೊಳ್ಕೊಂಡ್ರು. ಬೇಕಾದ್ರೆ ನನ್ ಹೊಸ್ತಿಲು ನೋಡು, ಇಳಿದಿದೆ."

ಅವಳು ನಂಬುತ್ತಾಳೆ, ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಎಲ್ಲಿ ಬಂತು! ಪುಸ್ತಕ ಎತ್ತಿ ಗೋಡೆಗೆ ಎಸೆದಳು. "ನಿಂದು ಉಪ್ಪಮ್ಮ! ನಂದು ಪರೀಕ್ಷೆ! ಎಂಟನೇ ಕ್ಲಾಸಲ್ಲಿ ತೊಂಬತ್ತೆಂಟು ಬಂದಾಗ ಎರಡು ದಿನ ನನ್ ಜೊತೆ ಮಾತಾಡ್ಲಿಲ್ಲ ನೀನು. ಪಾಯಸ ಹಂಚಿದ್ದು ನೀನೇ. ಈಗ ಬಂದು ತಪ್ಪಾದ್ರೂ ಪರವಾಗಿಲ್ಲ ಅಂತಿದೀಯ!"

ಅವಳು ಹೇಳಿದ್ದು ಅಕ್ಷರಶಃ ನಿಜ. ಆ ಎರಡು ದಿನ ಅವಳ ಮೇಲೆ ಕೋಪವಿರಲಿಲ್ಲ ನನಗೆ, ಭಯವಿತ್ತು. ಗಂಡನಿಲ್ಲದವಳ ಮಗಳು, ಒಂದು ಮೆಟ್ಟಿಲು ಜಾರಿದರೆ ಹಿಡಿಯುವವರು ಯಾರು ಅನ್ನುವ ಭಯ. ಅದನ್ನೇ ಹೇಳಿದೆ. "ತಪ್ಪು ನಂದು ಮಗಳೇ. ನನ್ ದಿಗಿಲನ್ನ ನಿನ್ ತಟ್ಟೆಗೆ ಬಡಿಸಿದೆ. ನೀನು ಜಾಣೆ, ಒಂದಗುಳೂ ಬಿಡದೆ ಉಂಡೆ," ಅಂದೆ. ಅವಳು ಅತ್ತಳು. ಅಳು ಮುಗಿಯುವವರೆಗೂ ನಾನು ಇಳಿಯಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಈಗೇನ್ ಮಾಡ್ಬೇಕು?" ಅಂತ ಕೇಳಿದಳು. ಏನು ಮಾಡಬೇಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಉಪ್ಪಿಲ್ಲದ ಸಾರಿನ ಮುಂದೆ ಓಡದೆ ನಿಂತರೆ ಹೊಸ್ತಿಲು ಇಳಿಯುತ್ತದೆ ಅನ್ನುವುದು. "ದಿನಕ್ಕೊಂದು ತಪ್ಪು ಮಾಡೋಣ. ಬೇಕು ಅಂತಲೇ ಮಾಡೋಣ. ಮಾಡಿ ತಿದ್ದದೆ ಬಿಡೋಣ," ಅಂದೆ.

ಮೊದಲ ದಿನ ನೋಟ್‌ಬುಕ್ಕಿನಲ್ಲಿ ಏಳೆಂಟ್ಲ ಐವತ್ನಾಲ್ಕು ಅಂತ ಶಾಯಿಯಲ್ಲಿ ಬರೆದಳು. ಹೊಡೆದುಹಾಕಲು ಎರಡು ಸಲ ಪೆನ್ನು ಎತ್ತಿದಳು, ಎರಡು ಸಲವೂ ನಾನು ಬೇಡ ಅಂದೆ. ಬೆಳಿಗ್ಗೆ ನೋಡಿದರೆ ಹೊಸ್ತಿಲು ಇಳಿಯುವುದು ಹಾಗಿರಲಿ, ಎರಡು ಬೆರಳು ಏರಿತ್ತು. ಅತ್ತೆ ತಲೆ ಮೇಲೆ ಕೈ ಹೊತ್ತರು. ಆದರೆ ಹಿಡಿದದ್ದನ್ನು ಬಿಡುವ ಜಾತಿಯವಳಲ್ಲ ನಾನು. "ಏರ್ಲಿ. ಹಾಲು ಉಕ್ಕೋದು ಕೆಳಗೆ ಇಳಿಯೋಕೆ ಮುಂಚೆನೇ," ಅಂದೆ. ಎರಡನೇ ದಿನ ಸೊಟ್ಟ ಅಕ್ಷರದ ಹಾಳೆಯೊಂದನ್ನು ಹರಿಯದೆ ಇಟ್ಟಳು. ಹೊಸ್ತಿಲು ಮತ್ತೆ ಒಂದು ಬೆರಳು ಏರಿತು. ಮೂರನೇ ದಿನ ಅವಳು ಐವತ್ನಾಲ್ಕನ್ನು ನೋಡಿ, "ಎಷ್ಟು ಪೆದ್ದುಪೆದ್ದಾಗಿದೆ ಅಲ್ವಾಮ್ಮ," ಅಂತ ಕಿಸಕ್ಕನೆ ನಕ್ಕಳು. ನಾಲ್ಕನೇ ಬೆಳಿಗ್ಗೆ ಹೊಸ್ತಿಲು ಇದ್ದಲ್ಲೇ ಇತ್ತು. ಐದನೇ ಬೆಳಿಗ್ಗೆ ಒಂದು ಬೆರಳು ಇಳಿದಿತ್ತು. ಬೀದಿಯವರು ಕೇಳಿದರು, "ಏನ್ರೀ ಚೆನ್ನಾಜಮ್ಮ, ಮಗಳ ಹೊಸ್ತಿಲು ಇಳೀತಿದ್ಯಂತೆ? ಏನಾದ್ರೂ ತೊಂದ್ರೆನಾ?" ಪಾಯಸ ತಿಂದ ಬಾಯಿಗಳು. "ಹೂಂ, ಮಗಳು ವಾಪಸ್ ಬರ್ತಿದಾಳೆ, ಅದೇ ತೊಂದ್ರೆ," ಅಂದೆ.

ಆಮೇಲೆ ಹೊಸ್ತಿಲು ಬೇಗ ಬೇಗ ಇಳಿಯಿತು. ಪರೀಕ್ಷೆಯ ಸೋಮವಾರ ಬಂದಾಗ ಅದು ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲಿತ್ತು. ಪೂರ್ತಿ ಇಳಿದಿರುತ್ತದೆ ಅಂತ ನಾವು ಕಾಯಲಿಲ್ಲ. ಚೀಲವನ್ನು ಮೊದಲು ಈಚೆಗೆ ಕೊಟ್ಟಳು. ಮಣೆ ಹತ್ತಿದಳು. ಮೇಲೆ ಹತ್ತಿ ಕುಕ್ಕರುಗಾಲಲ್ಲಿ ಕೂತವಳು ಮೇಲ್ಪಟ್ಟಿಯನ್ನು ಹಿಡಿದುಕೊಂಡು ಹಾಗೇ ಉಳಿದಳು. "ಅಮ್ಮಾ, ಎದೆ ಹೊಡ್ಕೋತಿದೆ."

"ಹೊಡ್ಕೊಳ್ಲಿ. ಎದೆ ಹೊಡ್ಕೊಂಡೇ ಇಳಿ."

ಇಳಿದಳು. ನಾನು ಕೈ ಚಾಚಿದ್ದೆ, ಹಿಡಿದುಕೊಳ್ಳಲಿಲ್ಲ ಅವಳು. ಇಪ್ಪತ್ತು ದಿನಗಳ ಮೇಲೆ ಅವಳ ಕಾಲು ನಡುಮನೆಯ ನೆಲ ಮುಟ್ಟಿತ್ತು. ಅತ್ತೆ ಬಾಯಲ್ಲಿ ಸೆರಗು ತುರುಕಿಕೊಂಡು ಅಳುತ್ತಿದ್ದರು.

ಮಧ್ಯಾಹ್ನ ವಾಪಸು ಬಂದಳು. ಹೇಗೆ ಬರೆದೆ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ಅದನ್ನು ನುಂಗಲು ಪಟ್ಟ ಪಾಡು ನನಗೇ ಗೊತ್ತು. "ಹಸಿವಾ?" ಅಂದೆ. "ತುಂಬಾ," ಅಂದಳು. ಸಾರು ಅನ್ನ ಕಲಸಿ ತಟ್ಟೆ ಕೊಟ್ಟೆ. ಅವಳು ತಟ್ಟೆ ಹಿಡಿದುಕೊಂಡು ಹೋಗಿ, ಮಣೆ ಹತ್ತಿ, ಅವಳ ಹೊಸ್ತಿಲ ಮೇಲೇ ಕೂತಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅತ್ತೆ ಬಾಯಿ ತೆರೆದರು, ನನ್ನ ಕಣ್ಣು ನೋಡಿ ಮುಚ್ಚಿಕೊಂಡರು.

"ಐದನೇ ಲೆಕ್ಕ ತಪ್ಪಾಗಿರಬಹುದು," ಅಂದಳು ತುತ್ತಿನ ನಡುವೆ. "ಮತ್ತೊಂದ್ಸಲ ಮಾಡಿ ನೋಡ್ಬೇಕು ಅನ್ಸ್ತು. ನೋಡ್ಲಿಲ್ಲ. ಕೊಟ್ಟು ಬಂದೆ."

"ಸರಿ," ಅಂದೆ. ನನ್ನ ಎದೆ ಧಸಕ್ಕೆಂದಿತು. ಸುಳ್ಳಲ್ಲ. ನಾಳೆ ಬೆಳಿಗ್ಗೆ ನನ್ನ ಹೊಸ್ತಿಲು ಎರಡು ಬೆರಳು ಏರಿರುತ್ತದೆ ಅಂತ ಆಗಲೇ ಗೊತ್ತಾಯಿತು. ಏರಿದರೆ ಕಾಲೆತ್ತಿ ದಾಟಿದರಾಯಿತು.

ಎರಡು ತುತ್ತು ಉಂಡು ಮುಖ ಕಿವುಚಿದಳು. "ಅಮ್ಮಾ, ಸಾರಿಗೆ ಉಪ್ಪು ಕಮ್ಮಿ."

ನನ್ನ ಕೈ ತಾನಾಗಿಯೇ ಸೆರಗಿನ ತುದಿಗೆ ಹೋಯಿತು. ಅಲ್ಲಿ ಗಂಟಿರಲಿಲ್ಲ. ಉಪ್ಪಿನ ಡಬ್ಬಿ ನನ್ನ ಪಕ್ಕದಲ್ಲೇ, ಒಲೆಯ ಹತ್ತಿರ ಇತ್ತು. ನಾನು ಅದನ್ನು ಎತ್ತಿಕೊಳ್ಳಲಿಲ್ಲ.

"ಇಲ್ಲೇ ಇದೆ ಉಪ್ಪು. ಬಂದು ಹಾಕ್ಕೊಂಡ್ ಹೋಗು," ಅಂದೆ.

ಅವಳು ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಒಳಗಿದ್ದ ಕಾಲನ್ನು ಎತ್ತಿ ಈಚೆಗೆ ಹಾಕಿ, ಕೆಳಗಿಳಿದು ಅಡುಗೆಮನೆಗೆ ನಡೆದು ಬಂದಳು.